ಗುಮ್ಮಟ ಬಿದ್ದ ಮೇಲೆ ಕೈಗಾ ಕಲಿತದ್ದು, ಕಲಿಯಬೇಕಾದದ್ದು

1994ರ ಮೇ 13ರಂದು ಉತ್ತರ ಕನ್ನಡದ ಕೈಗಾದಲ್ಲಿ ಕಟ್ಟಲಾಗುತ್ತಿದ್ದ ಅಣುಸ್ಥಾವರದ ಒಂದನೇ ಘಟಕದ ಗುಮ್ಮಟದ ಒಳಪದರ ಕಳಚಿ ಬಿತ್ತು. ಸುಮಾರು 130 ಟನ್ ಕಾಂಕ್ರೀಟು ಮೂವತ್ತು ಮೀಟರಿನಷ್ಟು ಎತ್ತರದಿಂದ ಕೆಳಕ್ಕೆ ಬಂತು. ಹದಿನಾಲ್ಕು ಮಂದಿ ಕಾರ್ಮಿಕರು ಗಾಯಗೊಂಡರು. ಯುರೇನಿಯಂ ಇಂಧನವನ್ನು ಇನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಏಳಲಿಲ್ಲ. ಅದೇ ಘಟಕ 2016ರ ಮೇ 13ರಂದು ಓಟ ಶುರುಮಾಡಿ 2018ರ ಡಿಸೆಂಬರ್ 31ರವರೆಗೆ, ಅಂದರೆ 962 ದಿನ, ಒಮ್ಮೆಯೂ ನಿಲ್ಲದೆ ವಿದ್ಯುತ್ ಕೊಟ್ಟಿತು. ಬ್ರಿಟನ್ನಿನ ಹೇಶಮ್ ಸ್ಥಾವರದ ಘಟಕವೊಂದು ಹೊಂದಿದ್ದ 940 ದಿನಗಳ ವಿಶ್ವದಾಖಲೆಯನ್ನು ಅದು ಮುರಿಯಿತು. ಎರಡು ದಿನಾಂಕಗಳೂ ಒಂದೇ ಆದದ್ದು ಆಕಸ್ಮಿಕ. ಆದರೆ ಬಿದ್ದ ಗುಮ್ಮಟದಿಂದ ದಾಖಲೆಯ ಓಟದವರೆಗಿನ ದಾರಿ ಆಕಸ್ಮಿಕವಾಗಿ ಆದದ್ದಲ್ಲ. ಒಂದು ಸ್ಥಾವರ ಎಷ್ಟು ಸುರಕ್ಷಿತ ಎಂದು ತಿಳಿಯಲು ಅಲ್ಲಿ ತಪ್ಪು ನಡೆದಿದೆಯೇ ಎಂದು ಕೇಳಿದರೆ ಸಾಲದು. ನಡೆದ ತಪ್ಪನ್ನು ಅದು ಹೇಗೆ ಪತ್ತೆಮಾಡಿತು, ಯಾರ ಮುಂದೆ ಒಪ್ಪಿಕೊಂಡಿತು, ಹೇಗೆ ತಿದ್ದಿಕೊಂಡಿತು ಎಂದು ಕೇಳಬೇಕು. ಎಂಜಿನಿಯರುಗಳ ನಡುವಿನ ಈ ಪರೀಕ್ಷೆಯಲ್ಲಿ ಕೈಗಾ ಬಹುಮಟ್ಟಿಗೆ ಗೆದ್ದಿದೆ; ಜನರ ಮುಂದಿನ ಪರೀಕ್ಷೆಯಲ್ಲಿ ಇನ್ನೂ ಗೆದ್ದಿಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಓದುಗರಿಗೆ ಇದು ದೂರದ ಕಾಳಿ ನದಿಯ ಸುದ್ದಿ ಎನಿಸಬಹುದು. ಆದರೆ ಕೈಗಾದ ವಿದ್ಯುತ್ತು ದಕ್ಷಿಣ ಭಾರತದ ಜಾಲಕ್ಕೆ ಸೇರುತ್ತದೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನದಿಗಳು ಸೊರಗಿ ಜಲವಿದ್ಯುತ್ತು ಕುಗ್ಗಿದಾಗ ಅಡಿಕೆ ತೋಟದ ಪಂಪುಗಳು ಓಡುವುದು ಇಂಥ ಜಾಲವನ್ನು ನಂಬಿಯೇ. ಅದಕ್ಕಿಂತ ಹತ್ತಿರದ ಕಾರಣವೂ ಇದೆ. ವಿದ್ಯುತ್ತಿನ ಬೆಲೆಯನ್ನು ಭೂಮಿಯ ರೂಪದಲ್ಲಿ ತೆರುವುದು ಎಂದರೇನು ಎಂದು ಈ ಮೂರು ತಾಲೂಕುಗಳ ಜನರಿಗೆ ಗೊತ್ತು. ಪಡುಬಿದ್ರಿ ಬಳಿಯ ಎಲ್ಲೂರಿನ 1200 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರದ ಹೊಗೆ, ಹಾರುಬೂದಿಯ ದೂರುಗಳನ್ನು ಅವರು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಉಡುಪಿಯಿಂದ ಕಾಸರಗೋಡಿಗೆ ಹೋಗುವ 400 ಕಿಲೋವೋಲ್ಟ್ ಮಾರ್ಗಕ್ಕೆ ಮೂಡುಬಿದಿರೆ ಕಡೆಯಲ್ಲೂ ಬಂಟ್ವಾಳ ತಾಲೂಕಿನ ವಿಟ್ಲದ ಸುತ್ತಲೂ ಕೃಷಿಕರು ವಿರೋಧ ಒಡ್ಡಿದ್ದಾರೆ. ನೇತ್ರಾವತಿಗೆ ಶಂಭೂರಿನಲ್ಲಿ ಕಟ್ಟಿದ ವಿದ್ಯುತ್ ಯೋಜನೆಯ ಅಣೆಕಟ್ಟು ಬಂಟ್ವಾಳದವರ ಕಣ್ಣೆದುರೇ ಇದೆ. ಹೀಗಿರುವಾಗ ರಾಜ್ಯದ ಏಕೈಕ ಅಣುಸ್ಥಾವರದ ಕಾಲು ಶತಮಾನದ ಅನುಭವವನ್ನು ತೂಗಿ ನೋಡುವುದು ಇಲ್ಲಿಯವರಿಗೂ ಬೇಕಾದ ಕೆಲಸ.

ಯಂತ್ರದ ಒಳಗೆ

ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಒಟ್ಟು 880 ಮೆಗಾವ್ಯಾಟ್. ಎರಡನೇ ಘಟಕ 2000ದ ಮಾರ್ಚಿನಲ್ಲಿ, ಒಂದನೆಯದು ಅದೇ ವರ್ಷದ ನವೆಂಬರಿನಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ನಾಲ್ಕೂ ಭಾರಜಲದ ರಿಯಾಕ್ಟರುಗಳು. ಸಾಮಾನ್ಯ ನೀರಿನಲ್ಲಿರುವ ಹೈಡ್ರೋಜನ್ನಿನ ಬದಲು ಅದರ ಎರಡರಷ್ಟು ತೂಕದ ಡ್ಯೂಟೀರಿಯಂ ಇರುವ ನೀರೇ ಭಾರಜಲ. ಯುರೇನಿಯಂ ಪರಮಾಣು ಒಡೆದಾಗ ಹೊರಬೀಳುವ ನ್ಯೂಟ್ರಾನುಗಳನ್ನು ಅದು ನುಂಗದೆ ನಿಧಾನಗೊಳಿಸುತ್ತದೆ. ಹಾಗಾಗಿ ಯುರೇನಿಯಂ ಅನ್ನು ಸಂಪದ್ಭರಿತಗೊಳಿಸುವ ದುಬಾರಿ ಕೆಲಸವಿಲ್ಲದೆ, ಗಣಿಯಿಂದ ಬಂದದ್ದನ್ನು ಶುದ್ಧೀಕರಿಸಿಯೇ ಇಂಧನವಾಗಿ ಬಳಸಬಹುದು. ಅಡ್ಡಲಾಗಿ ಮಲಗಿಸಿದ ದೊಡ್ಡ ಪೀಪಾಯಿಯಂಥ ಪಾತ್ರೆಯಲ್ಲಿ 306 ಕೊಳವೆಗಳು ಹಾದುಹೋಗುತ್ತವೆ. ಪ್ರತಿ ಕೊಳವೆಯಲ್ಲೂ ಅರ್ಧ ಮೀಟರ್ ಉದ್ದದ ಹನ್ನೆರಡು ಇಂಧನ ಕಂತೆಗಳು. ಆ ಕಂತೆಗಳ ನಡುವೆ ಹರಿಯುವ ಭಾರಜಲ ಹೆಚ್ಚಿನ ಒತ್ತಡದಲ್ಲಿ, ಕುದಿಯದೆಯೇ, ಮುನ್ನೂರು ಡಿಗ್ರಿಯ ಹತ್ತಿರ ಕಾಯುತ್ತದೆ. ಆ ಶಾಖವು ಬೇರೆ ಸುತ್ತಿನಲ್ಲಿ ಹರಿಯುವ ಸಾಮಾನ್ಯ ನೀರನ್ನು ಉಗಿಯಾಗಿಸಿ ಟರ್ಬೈನ್ ತಿರುಗಿಸುತ್ತದೆ.

ಈ ವಿನ್ಯಾಸದ ಎರಡು ಗುಣಗಳನ್ನು ನೆನಪಿಡಬೇಕು. ಒಂದು, ರಿಯಾಕ್ಟರ್ ಓಡುತ್ತಿರುವಾಗಲೇ ಯಂತ್ರಗಳು ಕೊಳವೆಯ ಒಂದು ತುದಿಯಿಂದ ಹೊಸ ಕಂತೆ ತುಂಬಿ ಇನ್ನೊಂದು ತುದಿಯಿಂದ ಹಳೆಯದನ್ನು ತೆಗೆಯಬಲ್ಲವು. ಜಗತ್ತಿನ ಬಹುಪಾಲು ರಿಯಾಕ್ಟರುಗಳು ಒಂದೂವರೆ ಎರಡು ವರ್ಷಕ್ಕೊಮ್ಮೆ ಇಂಧನ ಬದಲಿಸಲು ನಿಲ್ಲಲೇಬೇಕು. ಕೈಗಾಕ್ಕೆ ಆ ಕಟ್ಟು ಇಲ್ಲ. ಇನ್ನೊಂದು, ಭಾರಜಲದ ಮೇಲೆ ನ್ಯೂಟ್ರಾನು ಬೀಳುತ್ತ ಬೀಳುತ್ತ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಹುಟ್ಟುತ್ತದೆ. ಅದರ ವಿಕಿರಣ ಅರ್ಧಕ್ಕಿಳಿಯಲು ಹನ್ನೆರಡು ವರ್ಷಕ್ಕೂ ಹೆಚ್ಚು ಬೇಕು. ನೀರಿನ ರೂಪದಲ್ಲೇ ಇರುವುದರಿಂದ ಉಸಿರು, ಚರ್ಮ, ಕುಡಿಯುವ ನೀರಿನ ಮೂಲಕ ಅದು ದೇಹ ಸೇರಬಲ್ಲದು. ಕೈಗಾದ ದೊಡ್ಡ ಹೆಮ್ಮೆಯೂ ಅದರ ದೊಡ್ಡ ಮುಜುಗರವೂ ಈ ಎರಡು ಗುಣಗಳಿಂದಲೇ ಬಂದವು.

ಗುಮ್ಮಟ ಬಿದ್ದದ್ದೇಕೆ

ರಿಯಾಕ್ಟರನ್ನು ಸುತ್ತುವರಿಯುವ ಕಾಂಕ್ರೀಟು ಕಟ್ಟಡಕ್ಕೆ ಎರಡು ಗೋಡೆಗಳು, ಎರಡು ಗುಮ್ಮಟಗಳು. ಒಳಗೆ ಕೊಳವೆ ಒಡೆದು ಉಗಿ ನುಗ್ಗಿದರೂ ವಿಕಿರಣ ಹೊರಬಾರದಂತೆ ತಡೆಯುವ ಕೊನೆಯ ಅಡ್ಡಿ ಅದು. ಒಳಗಿನ ಒತ್ತಡವನ್ನು ತಾಳಿಕೊಳ್ಳಲು ಕಾಂಕ್ರೀಟಿನ ಒಳಗೆ ಉಕ್ಕಿನ ಕೇಬಲ್ಲುಗಳನ್ನು ಹಾಯಿಸಿ ಭಾರೀ ಬಲದಿಂದ ಜಗ್ಗಿ ಬಿಗಿಯುತ್ತಾರೆ. ನೇರ ತೊಲೆಯಲ್ಲಿ ಹೀಗೆ ಬಿಗಿದರೆ ತೊಂದರೆಯಿಲ್ಲ. ಬಾಗಿದ ಗುಮ್ಮಟದಲ್ಲಿ ಬಿಗಿದಾಗ ಮಾತ್ರ ಕೇಬಲ್ಲು ತನ್ನ ಬಾಗನ್ನು ಕಳೆದುಕೊಂಡು ನೇರವಾಗಲು ನೋಡುತ್ತದೆ. ಆಗ ಅದು ಒಳಬದಿಯ ಕಾಂಕ್ರೀಟನ್ನು ಕೆಳಕ್ಕೆ ಒತ್ತುತ್ತದೆ. ಗುಮ್ಮಟದ ದಪ್ಪದ ನಡುವೆ ಪದರಗಳನ್ನು ಬೇರ್ಪಡಿಸುವ ಸೆಳೆತ ಹುಟ್ಟುತ್ತದೆ. ಕಾಂಕ್ರೀಟಿಗೆ ಒತ್ತಡ ತಾಳುವ ಶಕ್ತಿ ಬಹಳ, ಎಳೆತ ತಾಳುವ ಶಕ್ತಿ ಅತ್ಯಲ್ಪ. ಉಗಿ ಉತ್ಪಾದಕಗಳನ್ನು ಇಳಿಸಲೆಂದು ಗುಮ್ಮಟದಲ್ಲಿ ದೊಡ್ಡ ತೆರಪುಗಳನ್ನು ಬಿಟ್ಟಿದ್ದರಿಂದ ಕೇಬಲ್ಲುಗಳು ಅವುಗಳ ಸುತ್ತ ಬಳಸಿ ಹೋಗಬೇಕಾಗಿ ಕೆಲವೆಡೆ ದಟ್ಟೈಸಿದ್ದವು. ಪದರಗಳನ್ನು ಅಡ್ಡಲಾಗಿ ಹಿಡಿದಿಡುವ ಕಬ್ಬಿಣ ಅಲ್ಲಿರಲಿಲ್ಲ. ಒಣಗಿದ ತೆಂಗಿನಕಾಯಿಯ ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳುವಂತೆ ಒಳಪದರ ಬೇರ್ಪಟ್ಟು ಬಿತ್ತು.

ಇದು ಜಗತ್ತಿಗೆ ಗೊತ್ತಿಲ್ಲದ ದೋಷವಾಗಿರಲಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 1970ರಲ್ಲಿ ಟರ್ಕಿ ಪಾಯಿಂಟ್, 1976ರಲ್ಲಿ ಕ್ರಿಸ್ಟಲ್ ರಿವರ್ ಸ್ಥಾವರಗಳ ಗುಮ್ಮಟಗಳಲ್ಲಿ ಇದೇ ರೀತಿ ಪದರಗಳು ಬಿಟ್ಟುಕೊಂಡಿದ್ದವು. ಕೈಗಾದ ಮೊದಲ ಕಾಂಕ್ರೀಟು ಬಿದ್ದದ್ದು 1989ರಲ್ಲಿ, ಕ್ರಿಸ್ಟಲ್ ರಿವರ್ ಘಟನೆಯಾಗಿ ಹದಿಮೂರು ವರ್ಷಗಳ ಬಳಿಕ. ಬೇರೆಯವರ ತಪ್ಪಿನಿಂದ ಕಲಿಯಲು ಸಮಯವಿತ್ತು, ಕಲಿಯಲಿಲ್ಲ. 1974ರ ಪೋಖ್ರಾನ್ ಸ್ಫೋಟದ ನಂತರ ಕೆನಡಾ ಕೈಬಿಟ್ಟಾಗ ನಮ್ಮ ಎಂಜಿನಿಯರುಗಳು ಈ ರಿಯಾಕ್ಟರುಗಳನ್ನು ಸ್ವಂತ ಬಲದಿಂದ ಬೆಳೆಸಿದರು. ಅದು ದೊಡ್ಡ ಸಾಧನೆ. ಆದರೆ ಒಂಟಿತನಕ್ಕೂ ಗೋಪ್ಯತೆಗೂ ತೆರಬೇಕಾದ ಬೆಲೆಯೊಂದಿದೆ: ಹೊರಗಿನವರ ಪ್ರಶ್ನೆಗಳು ಒಳಗೆ ಬರುವುದು ನಿಂತುಹೋಗುತ್ತದೆ. ವಿನ್ಯಾಸವನ್ನು ಸ್ವತಂತ್ರವಾಗಿ ಪರಿಶೀಲಿಸುವ ಕಣ್ಣು ಇದ್ದಿದ್ದರೆ ಆ 130 ಟನ್ ಕಾಂಕ್ರೀಟು ಬೀಳುವ ಮೊದಲೇ ಕಾಗದದ ಮೇಲೆ ದೋಷ ಸಿಕ್ಕಿಬೀಳುತ್ತಿತ್ತು ಎಂದು ನಂಬಲು ಕಾರಣವಿದೆ.

ಬಿದ್ದ ಮೇಲೆ ನಡೆದದ್ದು ಮಾತ್ರ ಮೆಚ್ಚತಕ್ಕದ್ದು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಗುಮ್ಮಟದ ಕೆಲಸ ನಿಲ್ಲಿಸಿ ತನಿಖೆ ಮಾಡಿಸಿತು. ರಾಜಸ್ಥಾನದ ರಾವತ್‌ಭಾಟಾದಲ್ಲಿ ಅದೇ ಬಗೆಯಲ್ಲಿ ಏಳುತ್ತಿದ್ದ ಗುಮ್ಮಟಗಳ ವಿನ್ಯಾಸವನ್ನೂ ಮರುಪರಿಶೀಲಿಸಲಾಯಿತು. ಕೈಗಾದ ಹೊಸ ಗುಮ್ಮಟಕ್ಕೆ ಹೆಚ್ಚು ಬಲದ ಕಾಂಕ್ರೀಟು ಬಳಸಿದರು. ಪದರಗಳನ್ನು ಹಿಡಿದಿಡುವ ಅಡ್ಡ ಕಬ್ಬಿಣ ಸೇರಿಸಿದರು. ಕಾರಣಗಳನ್ನು ಎಂಜಿನಿಯರುಗಳು ತಾಂತ್ರಿಕ ಪತ್ರಿಕೆಗಳಲ್ಲಿ ಬರೆದು ಸಹೋದ್ಯೋಗಿಗಳ ಮುಂದಿಟ್ಟರು. ಒಂದನೇ ಘಟಕ ಮೊದಲ ಕಾಂಕ್ರೀಟಿನಿಂದ ವಿದ್ಯುತ್ತಿನವರೆಗೆ ಬರಲು ಹನ್ನೊಂದು ವರ್ಷ ತೆಗೆದುಕೊಂಡಿತು. 2002ರಲ್ಲಿ ಶುರುವಾದ ಮೂರನೆಯದಕ್ಕೆ ಐದೇ ವರ್ಷ ಸಾಕಾಯಿತು. ತಪ್ಪನ್ನು ಬಗೆದು ನೋಡಿದ್ದರಿಂದ ಕೆಲಸ ನಿಧಾನವಾಯಿತೆಂದು ಹೇಳುವವರು ಈ ಎರಡು ಅಂಕಿಗಳನ್ನು ಗಮನಿಸಬೇಕು. ಒಮ್ಮೆ ನಿಂತು ತಿದ್ದಿಕೊಂಡದ್ದರ ಲಾಭ ಮುಂದಿನ ಎಲ್ಲ ಘಟಕಗಳಿಗೂ ಸಿಕ್ಕಿತು.

ಇದೇ ಕಾಲದ ಇನ್ನೊಂದು ಪಾಠ ಉತ್ತರ ಪ್ರದೇಶದ ನರೋರಾದಿಂದ ಬಂತು. ಅಲ್ಲಿರುವುದೂ ಕೈಗಾದ ಕುಲದ 220 ಮೆಗಾವ್ಯಾಟಿನ ರಿಯಾಕ್ಟರುಗಳೇ. 1993ರ ಮಾರ್ಚ್ 31ರಂದು ಟರ್ಬೈನಿನ ಬ್ಲೇಡುಗಳು ಮುರಿದು, ಹೈಡ್ರೋಜನ್ ಸೋರಿ, ಬೆಂಕಿ ಹತ್ತಿತು. ಮುಖ್ಯ ಕೇಬಲ್ಲುಗಳೂ ತುರ್ತಿನ ಕೇಬಲ್ಲುಗಳೂ ಒಂದೇ ಕಡೆ ಹಾದುಹೋಗಿದ್ದರಿಂದ ಎಲ್ಲವೂ ಸುಟ್ಟು, ಸ್ಥಾವರ ಹದಿನೇಳು ಗಂಟೆ ವಿದ್ಯುತ್ತಿಲ್ಲದೆ ಉಳಿಯಿತು. ಸಿಬ್ಬಂದಿ ಕತ್ತಲೆಯಲ್ಲಿ ಮೇಲೆ ಹತ್ತಿ ಬೋರಾನನ್ನು ಕೈಯಾರೆ ಸೇರಿಸಿ, ಡೀಸೆಲ್ಲಿನ ಅಗ್ನಿಶಾಮಕ ಪಂಪುಗಳಿಂದ ಉಗಿ ಉತ್ಪಾದಕಗಳಿಗೆ ನೀರು ಕೊಟ್ಟು ಅನಾಹುತ ತಪ್ಪಿಸಿದರು. ಆ ಬಳಿಕ ದೇಶದ ಇತರ ಸ್ಥಾವರಗಳಲ್ಲಿ ಬ್ಲೇಡುಗಳ ವಿನ್ಯಾಸ ತಿದ್ದಿದರು, ಕೇಬಲ್ಲುಗಳನ್ನು ಬೇರೆ ಬೇರೆ ದಾರಿಯಲ್ಲಿ ಹಾಯಿಸಿದರು. ವಿದ್ಯುತ್ತು ಸಂಪೂರ್ಣ ಕಡಿದಾಗ ರಿಯಾಕ್ಟರನ್ನು ತಣಿಸುವುದು ಹೇಗೆ ಎಂಬ ಪ್ರಶ್ನೆ 2011ರಲ್ಲಿ ಫುಕುಶಿಮಾದಿಂದ ಜಗತ್ತಿಗೆ ಎದುರಾಯಿತು. ಹದಿನೆಂಟು ವರ್ಷ ಮೊದಲೇ ನರೋರಾ ಅದನ್ನು ನಮಗೆ ಕೇಳಿತ್ತು.

ದಾಖಲೆ ಹೇಳುವುದು, ಹೇಳದಿರುವುದು

962 ದಿನಗಳ ಓಟ ಸಣ್ಣ ಮಾತಲ್ಲ. ಆ ಅವಧಿಯಲ್ಲಿ ಒಂದನೇ ಘಟಕ ಸುಮಾರು 500 ಕೋಟಿ ಯೂನಿಟ್ ವಿದ್ಯುತ್ತು ಕೊಟ್ಟಿತು. ಅಷ್ಟೂ ದಿನ ಪಂಪು, ಕವಾಟ, ಟರ್ಬೈನು, ನಿಯಂತ್ರಣ ವ್ಯವಸ್ಥೆ ಒಂದೂ ಕೈಕೊಡಲಿಲ್ಲವೆಂದರೆ ಅದು ನಿರ್ವಹಣೆಯ ಶಿಸ್ತಿಗೆ ಸಾಕ್ಷಿ. ಬಳಸಿದ್ದು ದೇಶದ ಗಣಿಗಳ ಯುರೇನಿಯಂ. ಆ ದಾಖಲೆಗೂ ಸುಮಾರು ಹತ್ತು ವರ್ಷ ಹಿಂದೆ ಇಂಧನ ಸಾಲದೆ ಕೈಗಾದ ಘಟಕಗಳು ಕುಗ್ಗಿದ ಸಾಮರ್ಥ್ಯದಲ್ಲಿ ಓಡುತ್ತಿದ್ದವು, ಸಿದ್ಧವಾಗುತ್ತಿದ್ದ ನಾಲ್ಕನೇ ಘಟಕ ಇಂಧನಕ್ಕಾಗಿ ಕಾಯಬೇಕಾಗಿತ್ತು ಎಂಬುದನ್ನು ನೆನೆದರೆ ಸಾಧನೆಯ ತೂಕ ತಿಳಿಯುತ್ತದೆ. ಆದರೂ ದಾಖಲೆಯನ್ನು ಸುರಕ್ಷತೆಯ ಪ್ರಮಾಣಪತ್ರವಾಗಿ ತೋರಿಸುವುದು ಸರಿಯಲ್ಲ. ಹೇಶಮ್ ರಿಯಾಕ್ಟರೂ, ಕೈಗಾದ ದಾಖಲೆಯನ್ನು 2020ರಲ್ಲಿ ದಾಟಿ 1106 ದಿನ ಓಡಿದ ಕೆನಡಾದ ಡಾರ್ಲಿಂಗ್ಟನ್ ರಿಯಾಕ್ಟರೂ ಓಡುತ್ತಲೇ ಇಂಧನ ಬದಲಿಸಬಲ್ಲ ವಿನ್ಯಾಸದವೇ. ದಾಖಲೆಯ ಒಂದು ಪಾಲು ಸಿಬ್ಬಂದಿಯದಾದರೆ ಇನ್ನೊಂದು ಪಾಲು ವಿನ್ಯಾಸದ್ದು. ಅಲ್ಲದೆ ಓಡುವ ಯಂತ್ರದಲ್ಲಿ ಕೆಲವನ್ನು ಪರೀಕ್ಷಿಸಲಾಗುವುದಿಲ್ಲ. ನಿಲ್ಲಿಸಿ ನೋಡುವುದೂ ಸುರಕ್ಷತೆಯ ಕೆಲಸವೇ. ದಿನಗಳ ಎಣಿಕೆಯೇ ಗುರಿಯಾಗಿಬಿಟ್ಟರೆ ಆ ಕೆಲಸ ಹಿಂದೆ ಸರಿಯುವ ಅಪಾಯವಿದೆ.

ಗುಜರಾತಿನ ಕಾಕ್ರಪಾರದಲ್ಲಿ 2016ರ ಮಾರ್ಚ್ 11ರಂದು ನಡೆದದ್ದು ಈ ಮಾತಿಗೆ ಆಧಾರ. ಅಲ್ಲಿನ ಒಂದನೇ ಘಟಕದ ಇಂಧನ ಕೊಳವೆಯೊಂದು ಬಿರಿದು ಭಾರಜಲ ಸೋರಿತು. ಆ ಘಟಕದ ಕೊಳವೆಗಳನ್ನೆಲ್ಲ ಕೆಲವೇ ವರ್ಷಗಳ ಹಿಂದೆ ಉತ್ತಮ ಮಿಶ್ರಲೋಹದ ಹೊಸ ಕೊಳವೆಗಳಿಂದ ಬದಲಿಸಲಾಗಿತ್ತು. ಹಾಗಿದ್ದೂ ಸುತ್ತ ಹರಿಯುವ ಅನಿಲದಲ್ಲಿ ಸೇರಿದ್ದ ಕಲ್ಮಶದಿಂದ ಕೊಳವೆಯ ಹೊರಮೈ ಅಲ್ಲಲ್ಲಿ ತಿಂದುಹೋಗಿತ್ತು. ಎಲ್ಲರೂ ಕೊಳವೆಯ ಒಳಗಿನ ಸವೆತದತ್ತ ಕಣ್ಣಿಟ್ಟಿದ್ದಾಗ ದೋಷ ಹೊರಗಿನಿಂದ ಬಂತು. ಕೈಗಾದ ಮೊದಲ ಎರಡು ಘಟಕಗಳು ಈಗ ಇಪ್ಪತ್ತೈದರ ವಯಸ್ಸು ದಾಟಿವೆ. ಕೊಳವೆಗಳ ವಯಸ್ಸಿನ ಲೆಕ್ಕ, ತಪಾಸಣೆಯ ಫಲಿತಾಂಶ ಇವೆಲ್ಲ ಇನ್ನು ಮುಂದೆ ದಾಖಲೆಯ ದಿನಗಳಿಗಿಂತ ಮುಖ್ಯವಾದ ಅಂಕಿಗಳು.

2009ರ ನವೆಂಬರಿನ ಘಟನೆ ಕೈಗಾದ ಬಲವನ್ನೂ ದೌರ್ಬಲ್ಯವನ್ನೂ ಒಟ್ಟಿಗೆ ತೋರಿಸಿತು. ಸಿಬ್ಬಂದಿಯ ಮೂತ್ರದ ವಾಡಿಕೆಯ ಪರೀಕ್ಷೆಯಲ್ಲಿ ಹಲವರ ದೇಹದಲ್ಲಿ ಟ್ರಿಟಿಯಂ ಹೆಚ್ಚಿರುವುದು ಕಂಡುಬಂತು. ಹುಡುಕುತ್ತ ಹೋದಾಗ ಕಾರಣ ಕುಡಿಯುವ ನೀರಿನ ಕೂಲರಿನಲ್ಲಿ ಸಿಕ್ಕಿತು. ಯಾರೋ ಒಳಗಿನವರು ಉದ್ದೇಶಪೂರ್ವಕವಾಗಿ ಟ್ರಿಟಿಯಂ ಇರುವ ಭಾರಜಲವನ್ನು ಅದರಲ್ಲಿ ಬೆರೆಸಿದ್ದರು ಎಂದು ಅಧಿಕಾರಿಗಳು ಹೇಳಿದರು. ಐವತ್ತರ ಆಸುಪಾಸಿನಷ್ಟು ಮಂದಿ ಅದಕ್ಕೆ ಗುರಿಯಾದರು. ಟ್ರಿಟಿಯಂ ನೀರಿನ ಜೊತೆ ದೇಹದಿಂದ ಹೊರಹೋಗುವುದರಿಂದ ಹೆಚ್ಚು ನೀರು ಕುಡಿಸಿ ಚಿಕಿತ್ಸೆ ಕೊಡಲಾಯಿತು. ವಾಡಿಕೆಯ ಪರೀಕ್ಷೆಯಿಂದಲೇ ಸಂಗತಿ ಹೊರಬಿದ್ದದ್ದು ವ್ಯವಸ್ಥೆ ಎಚ್ಚರವಿತ್ತು ಎಂಬುದಕ್ಕೆ ಪುರಾವೆ. ಆದರೆ ಜನರಿಗೆ ಸುದ್ದಿ ತಲುಪಿದ್ದು ಕೆಲವು ದಿನ ಕಳೆದು, ಮಾಧ್ಯಮಗಳ ಮೂಲಕ. ಎರಡು ಗೋಡೆ, ಎರಡು ಸ್ವತಂತ್ರ ಸ್ಥಗಿತ ವ್ಯವಸ್ಥೆ ಎಲ್ಲವನ್ನೂ ಯೋಚಿಸಿದ್ದ ವಿನ್ಯಾಸ ಒಬ್ಬ ಮನುಷ್ಯನ ದುರುದ್ದೇಶವನ್ನು ಅಷ್ಟಾಗಿ ಯೋಚಿಸಿರಲಿಲ್ಲ.

ನದಿ, ಕಾಡು ಮತ್ತು ಪ್ರಶ್ನೆ ಕೇಳಿದವರು

ರಿಯಾಕ್ಟರಿನ ಶಾಖದಲ್ಲಿ ವಿದ್ಯುತ್ತಾಗುವುದು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಉಳಿದದ್ದು ಕದ್ರಾ ಜಲಾಶಯದ ನೀರಿಗೆ ಸೇರುತ್ತದೆ. ನಾಲ್ಕೂ ಘಟಕಗಳು ಪೂರ್ಣ ಸಾಮರ್ಥ್ಯದಲ್ಲಿ ಓಡುವಾಗ 2000 ಮೆಗಾವ್ಯಾಟಿಗೂ ಹೆಚ್ಚು ಶಾಖವನ್ನು ಕಾಳಿ ನದಿ ಹೊರಬೇಕು. ಸ್ಥಾವರದ ಮೇಲ್ಗಡೆ ಕೊಡಸಳ್ಳಿ ಅಣೆಕಟ್ಟು, ಇನ್ನೂ ಮೇಲೆ ಸುಮಾರು 147 ಟಿಎಂಸಿ ನೀರು ಹಿಡಿಯುವ ಸೂಪಾ. ಸುತ್ತಲೂ ಪಶ್ಚಿಮ ಘಟ್ಟದ ಕಡಿದಾದ ಇಳಿಜಾರು. ಇಂಥ ಇಳಿಜಾರು ಮಳೆಗೆ ಹೇಗೆ ಕುಸಿಯುತ್ತದೆ ಎಂಬುದನ್ನು ಬೆಳ್ತಂಗಡಿಯವರು 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸುತ್ತಮುತ್ತ ಕಂಡಿದ್ದಾರೆ. ಉತ್ತರ ಕನ್ನಡದವರು 2021ರಲ್ಲಿ ಕಳಚೆಯಲ್ಲಿ, 2024ರಲ್ಲಿ ಶಿರೂರಿನಲ್ಲಿ ಕಂಡರು. 1980ರ ದಶಕದಲ್ಲಿ ಸ್ಥಳ ಆಯ್ಕೆ ಮಾಡಿದಾಗಿನ ಮಳೆಯ ಲೆಕ್ಕ ಇಂದಿನ ಮಳೆಗೆ ಸಾಲುತ್ತದೆಯೇ ಎಂಬ ಪ್ರಶ್ನೆ ಹೆದರಿಸಲು ಕೇಳುವ ಪ್ರಶ್ನೆಯಲ್ಲ. ಪ್ರತಿ ಕೆಲವು ವರ್ಷಕ್ಕೊಮ್ಮೆ ಹೊಸದಾಗಿ ಮಾಡಲೇಬೇಕಾದ ಎಂಜಿನಿಯರಿಂಗ್ ಲೆಕ್ಕ ಅದು.

ಈ ಪ್ರಶ್ನೆಗಳನ್ನು ಮೊದಲು ಕೇಳಿದವರಲ್ಲಿ ಶಿವರಾಮ ಕಾರಂತರು ಪ್ರಮುಖರು. ಬಂಟ್ವಾಳದ ನೆರೆಯ ಪುತ್ತೂರಿನಲ್ಲಿ ದಶಕಗಳ ಕಾಲ ನೆಲೆಸಿದ್ದ ಅವರು ಕೈಗಾ ವಿರೋಧಿ ಚಳವಳಿಯ ಮುಂಚೂಣಿಯಲ್ಲಿದ್ದರು. ಎಂಬತ್ತು ದಾಟಿದ ವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತರು, ಗೆಲ್ಲಲಿಲ್ಲ. ಸ್ಥಾವರ ವಿದ್ಯುತ್ತು ಕೊಡುವ ಮೊದಲೇ, 1997ರಲ್ಲಿ, ತೀರಿಕೊಂಡರು. ಸ್ಥಾವರ ಸುರಕ್ಷಿತವಾಗಿ ಓಡಿದ್ದರಿಂದ ಕಾರಂತರಂಥವರ ವಿರೋಧ ವ್ಯರ್ಥವಾಗಿತ್ತು ಎಂದು ಕೆಲವರು ವಾದಿಸುತ್ತಾರೆ. ಈ ವಾದದಲ್ಲಿ ಹುರುಳಿಲ್ಲ. ಅವರು ಕೇಳಿದ್ದು ಕಾಡಿನ ನಾಶ, ನದಿಯ ಧಾರಣಶಕ್ತಿ, ತ್ಯಾಜ್ಯದ ಗತಿ, ಅವಘಡವಾದರೆ ಜನರ ಗತಿ ಏನೆಂದು. ಗುಮ್ಮಟ ಬಿದ್ದಾಗ ಅನುಮಾನ ಬುಡವಿಲ್ಲದ್ದಲ್ಲ ಎಂದು ಸಾಬೀತಾಯಿತು. ತ್ಯಾಜ್ಯದ ಪ್ರಶ್ನೆ ಇಂದಿಗೂ ತೆರೆದೇ ಇದೆ: ಉರಿದ ಇಂಧನವನ್ನು ನೀರಿನ ಕೊಳಗಳಲ್ಲಿ ಕಾಪಿಡಲಾಗುತ್ತದೆ, ಮರುಸಂಸ್ಕರಣೆಯ ಯೋಜನೆ ಇದೆ, ಆದರೆ ಸಾವಿರಾರು ವರ್ಷ ಉಳಿಯುವ ತ್ಯಾಜ್ಯಕ್ಕೆ ನೆಲದಾಳದ ಶಾಶ್ವತ ನೆಲೆ ನಮ್ಮ ದೇಶದಲ್ಲಿ ಇನ್ನೂ ಇಲ್ಲ. ಪ್ರಶ್ನೆ ಕೇಳುವವರಿದ್ದರು ಎಂಬುದೇ ಕಟ್ಟುವವರನ್ನು ಎಚ್ಚರದಲ್ಲಿಟ್ಟ ಕಾರಣಗಳಲ್ಲಿ ಒಂದು.

ಪ್ರಶ್ನೆಗೆ ಉತ್ತರ ಕೊಡುವ ಒಳ್ಳೆಯ ಮಾದರಿಯೂ ನಮ್ಮ ಜಿಲ್ಲೆಯಲ್ಲೇ ಇದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಸಂಶೋಧಕರು ಕೈಗಾ ಪರಿಸರದ ಮಣ್ಣು, ನೀರು, ಸಸ್ಯಗಳಲ್ಲಿ ಸಹಜವಾಗಿ ಇರುವ ವಿಕಿರಣವನ್ನು ಅಳೆದು ತಮ್ಮ ಫಲಿತಾಂಶಗಳನ್ನು ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟಿಸಿದ್ದಾರೆ. ಇದರ ಬೆಲೆ ದೊಡ್ಡದು. ಭೂಮಿಯಲ್ಲಿ ವಿಕಿರಣ ಎಲ್ಲೆಡೆ ಇದೆ. ಉಳ್ಳಾಲದಂಥ ಕರಾವಳಿಯ ಕೆಲವು ಮರಳಿನಲ್ಲಿ ಮೋನಜೈಟ್ ಖನಿಜದಿಂದಾಗಿ ಸಹಜವಾಗಿಯೇ ಹೆಚ್ಚು. ಸಹಜವಾಗಿ ಎಷ್ಟಿತ್ತು ಎಂಬ ಅಳತೆ ಇಲ್ಲದಿದ್ದರೆ ಇಂದು ಎಷ್ಟು ಸೇರಿದೆ ಎಂದು ಯಾರೂ ಹೇಳಲಾರರು. ಕೈಗಾ ಸುತ್ತ ಕ್ಯಾನ್ಸರ್ ಹೆಚ್ಚಿದೆ ಎಂಬ ಭಯ ಆ ಭಾಗದ ಊರುಗಳಲ್ಲಿ ಆಗಾಗ ಕೇಳಿಬರುತ್ತದೆ. ಸ್ಥಾವರದವರು ವಿಕಿರಣ ಮಿತಿಗಿಂತ ಬಹಳ ಕಡಿಮೆ ಎನ್ನುತ್ತಾರೆ. ಸಂಸ್ಥೆ ತನ್ನ ಬಗ್ಗೆ ತಾನೇ ಕೊಡುವ ಭರವಸೆಯಿಂದ ಭಯ ಹೋಗುವುದಿಲ್ಲ. ಹೊರಗಿನ ವಿಶ್ವವಿದ್ಯಾನಿಲಯ ಅಳೆದ ಅಂಕಿ, ಯಾರು ಬೇಕಾದರೂ ನೋಡಬಹುದಾದ ರೋಗಿಗಳ ನೋಂದಣಿಯ ಅಂಕಿಅಂಶ ಎರಡೂ ಸೇರಿದರೆ ಮಾತ್ರ ಭಯವೂ ಭರವಸೆಯೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತವೆ.

ಮೂರು ಆಕ್ಷೇಪಗಳು

ಎಲ್ಲವನ್ನೂ ಬಹಿರಂಗಪಡಿಸಿದರೆ ಜನ ಗಾಬರಿಯಾಗುತ್ತಾರೆ ಎಂಬುದು ಮೊದಲ ಆಕ್ಷೇಪ. ಅನುಭವ ಇದಕ್ಕೆ ವಿರುದ್ಧವಾಗಿದೆ. 2012ರಲ್ಲಿ ಕೂಡಂಕುಳಂ ಮೊಕದ್ದಮೆಯ ಕಾಗದಪತ್ರಗಳಲ್ಲಿ ಕೋಲಾರದ ಚಿನ್ನದ ಗಣಿಯ ಹೆಸರು ಕಾಣಿಸಿಕೊಂಡಿತು. ಅಣುತ್ಯಾಜ್ಯವನ್ನು ಅಲ್ಲಿ ತಂದು ಸುರಿಯುತ್ತಾರೆಂದು ಜನ ಬೀದಿಗಿಳಿದರು; ಅಂಥ ಯೋಜನೆ ಇಲ್ಲವೆಂದು ಸರ್ಕಾರ ಸ್ಪಷ್ಟಪಡಿಸಬೇಕಾಯಿತು. ಅರ್ಧ ಮಾಹಿತಿ ಹುಟ್ಟಿಸಿದ ಗಾಬರಿ ಅದು. 2018ರ ಡಿಸೆಂಬರಿನಲ್ಲೂ ಹಾಗೆಯೇ. ಕೈಗಾ ವಿಶ್ವದಾಖಲೆ ಮುರಿದ ಅದೇ ತಿಂಗಳು, ತಲಾ 700 ಮೆಗಾವ್ಯಾಟಿನ ಐದು ಮತ್ತು ಆರನೇ ಘಟಕಗಳ ಬಗ್ಗೆ ಮಲ್ಲಾಪುರದಲ್ಲಿ ಅಹವಾಲು ಸಭೆ ನಡೆದಾಗ ಸೇರಿದವರಲ್ಲಿ ಬಹಳ ಮಂದಿ ವಿರೋಧಿಸಿದರು. ಜಗತ್ತೇ ಮೆಚ್ಚಿದ ಯಂತ್ರವನ್ನು ಅದರ ನೆರೆಯವರೇ ನಂಬದಿದ್ದರೆ ಆ ಕೊರತೆ ಯಂತ್ರದ್ದಲ್ಲ, ಮಾತುಕತೆಯದ್ದು.

ದೇಶದ ಭದ್ರತೆಗೆ ಗೋಪ್ಯತೆ ಬೇಕು ಎಂಬುದು ಎರಡನೆಯದು. ಕೈಗಾದ ನಾಲ್ಕೂ ಘಟಕಗಳು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸುರಕ್ಷಾ ತಪಾಸಣೆಗೆ ಒಳಪಡದವು. ಇಂಧನದ ಲೆಕ್ಕ, ಕಾವಲಿನ ವಿವರ ಗೋಪ್ಯವಾಗಿರಲಿ; ಅದನ್ನು ಒಪ್ಪಬಹುದು. ಆದರೆ ಗುಮ್ಮಟದ ತನಿಖಾ ವರದಿ, ನದಿ ನೀರಿನ ಉಷ್ಣತೆ, ಪರಿಸರದ ಟ್ರಿಟಿಯಂ, ಕೊಳವೆಗಳ ತಪಾಸಣೆ, ತುರ್ತು ತೆರವಿನ ಯೋಜನೆ ಇವುಗಳಲ್ಲಿ ಯಾವ ಶತ್ರುವಿಗೂ ಉಪಯೋಗವಿಲ್ಲ, ನೆರೆಯವರಿಗೆ ಬೇಕಾದಷ್ಟಿದೆ. ಕಾಯುವವರು ಸ್ವತಂತ್ರರಾಗಿರಬೇಕೆಂಬುದೂ ಇದೇ ಮಾತಿನ ಮುಂದುವರಿಕೆ. ನಿಯಂತ್ರಣ ಮಂಡಳಿ 1983ರಲ್ಲಿ ಸರ್ಕಾರಿ ಆದೇಶದಿಂದ ಹುಟ್ಟಿದ್ದು. ಅದಕ್ಕೆ ಸಾಕಷ್ಟು ಸ್ವಾತಂತ್ರ್ಯವೂ ಅಧಿಕಾರವೂ ಇಲ್ಲವೆಂದು ಮಹಾಲೇಖಪಾಲರು 2012ರಲ್ಲೇ ಎತ್ತಿ ತೋರಿಸಿದರು. ಸ್ವತಂತ್ರ ಪ್ರಾಧಿಕಾರಕ್ಕಾಗಿ 2011ರಲ್ಲಿ ಸಂಸತ್ತಿಗೆ ಬಂದ ಮಸೂದೆ ಅಂಗೀಕಾರವಾಗದೆ ಬಿದ್ದುಹೋಯಿತು. ಕಾನೂನಿನ ರೂಪ ಯಾವುದೇ ಇರಲಿ, ಸ್ಥಾವರ ಕಟ್ಟುವವರಿಗೂ ಅದನ್ನು ಪರಿಶೀಲಿಸುವವರಿಗೂ ಒಬ್ಬರೇ ಮೇಲಧಿಕಾರಿ ಇರಬಾರದು.

ಇಷ್ಟೆಲ್ಲ ಅಪಾಯವಿದ್ದರೆ ಅಣುವಿದ್ಯುತ್ತೇ ಬೇಡ ಎಂಬುದು ಮೂರನೆಯ, ಗೌರವಿಸಬೇಕಾದ ಆಕ್ಷೇಪ. ಆದರೆ ಅದರ ಬದಲಿಗೆ ಏನು ಎಂಬುದನ್ನೂ ತೂಗಬೇಕು. ಎಲ್ಲೂರಿನ ಕಲ್ಲಿದ್ದಲು ಸ್ಥಾವರದಿಂದ ಆದ ಹಾನಿಗೆ ಹಸಿರು ನ್ಯಾಯಮಂಡಳಿ 2022ರಲ್ಲಿ ಪರಿಹಾರ ಕಟ್ಟಲು ಆದೇಶಿಸಿತು. ಕಲ್ಲಿದ್ದಲು ಎಲ್ಲವೂ ಸರಿಯಾಗಿ ನಡೆಯುವಾಗಲೂ ಪ್ರತಿದಿನ ಹಾನಿ ಮಾಡುತ್ತದೆ. ಅಣುಸ್ಥಾವರ ಸರಿಯಾಗಿ ನಡೆಯುವಾಗ ಅತಿ ಕಡಿಮೆ, ಕೆಟ್ಟಾಗ ಬಹಳ. ದೊಡ್ಡ ಅಣೆಕಟ್ಟು ಕಾಡನ್ನೂ ಊರನ್ನೂ ಮುಳುಗಿಸುತ್ತದೆ. ಸೌರವಿದ್ಯುತ್ತು ದಿನೇ ದಿನೇ ಅಗ್ಗವಾಗುತ್ತಿದೆ, ಅದಕ್ಕೆ ಮೊದಲ ಮಣೆ ಸಲ್ಲಬೇಕು. ಆದರೆ ಆಷಾಢದ ಮೋಡ ಕವಿದ ವಾರಗಳಲ್ಲಿ, ರಾತ್ರಿಗಳಲ್ಲಿ ಜಾಲಕ್ಕೆ ಸ್ಥಿರವಾದ ಆಧಾರ ಬೇಕು. ಕಟ್ಟಿಯಾಗಿರುವ ನಾಲ್ಕು ಘಟಕಗಳನ್ನು ಎಚ್ಚರದಿಂದ ಓಡಿಸುವುದು ಇಂದಿನ ಸ್ಥಿತಿಯಲ್ಲಿ ವಿವೇಕದ ದಾರಿ. ಹೊಸದಾಗಿ ಬರುವ ಎರಡಕ್ಕೆ ಒಪ್ಪಿಗೆಯನ್ನು ಮೆಗಾವ್ಯಾಟಿನ ಆಸೆಯಿಂದ ಕೊಡಬಾರದು. ಹಳೆಯ ನಾಲ್ಕರ ಪೂರ್ತಿ ಲೆಕ್ಕ ಜನರ ಮುಂದೆ ಬಂದ ಮೇಲೆ ತೀರ್ಮಾನಿಸಬೇಕು.

ಈ ಅಳತೆಗೋಲು ಅಣುಸ್ಥಾವರಕ್ಕಷ್ಟೇ ಸೀಮಿತವಲ್ಲ. ಮೂಡುಬಿದಿರೆಯ ಹೊಲದ ಮೇಲೆ ತಂತಿ ಎಳೆಯುವಾಗ, ಬೆಳ್ತಂಗಡಿಯ ಘಟ್ಟದ ತಪ್ಪಲಲ್ಲಿ ಯಾವುದೇ ಕಾಮಗಾರಿ ಬರುವಾಗ, ಬಂಟ್ವಾಳದಲ್ಲಿ ನೇತ್ರಾವತಿಯನ್ನು ತಡೆಯುವಾಗ ಕೇಳಬೇಕಾದ ಪ್ರಶ್ನೆಗಳು ಕೈಗಾ ಕಲಿಸಿದವೇ. ಕೆಲಸ ಶುರುವಾಗುವ ಮೊದಲಿನ ಸ್ಥಿತಿಯನ್ನು ಹೊರಗಿನ ಸಂಸ್ಥೆ ಅಳೆದಿದೆಯೇ? ಇಂಥದೇ ಯೋಜನೆ ಬೇರೆಡೆ ಎಲ್ಲಿ, ಯಾಕೆ ಸೋತಿತು ಎಂಬುದನ್ನು ಕಟ್ಟುವವರು ಓದಿದ್ದಾರೆಯೇ? ತಪ್ಪಾದರೆ ಕೆಲಸ ನಿಲ್ಲಿಸುವ ಅಧಿಕಾರ ಯಾರಿಗಿದೆ, ಅವರು ಕಟ್ಟುವವರ ಕೈಕೆಳಗಿಲ್ಲವಷ್ಟೆ? ತನಿಖೆಯ ವರದಿ ಕನ್ನಡದಲ್ಲಿ, ಗ್ರಾಮ ಪಂಚಾಯಿತಿಯಲ್ಲಿ ಓದಲು ಸಿಗುತ್ತದೆಯೇ? ಈ ನಾಲ್ಕಕ್ಕೂ ಉತ್ತರ ಸಿಗುವವರೆಗೆ ಒಪ್ಪಿಗೆ ತಡೆಹಿಡಿಯುವುದು ಅಭಿವೃದ್ಧಿಗೆ ಅಡ್ಡಗಾಲು ಹಾಕಿದಂತೆ ಆಗದು. ಕೈಗಾದಲ್ಲಿ ಕೆಲಸ ನಿಲ್ಲಿಸಿ ಗುಮ್ಮಟವನ್ನು ಮತ್ತೆ ಕಟ್ಟಿದ್ದರಿಂದಲೇ ಅದರ ಕೆಳಗಿನ ಯಂತ್ರ ಅಷ್ಟು ದಿನ ನೆಮ್ಮದಿಯಿಂದ ಓಡಲು ಸಾಧ್ಯವಾಯಿತು. ಎಂಜಿನಿಯರುಗಳು ಕಾಂಕ್ರೀಟಿನ ವಿಷಯದಲ್ಲಿ ತೋರಿದ ಆ ಪ್ರಾಮಾಣಿಕತೆಯನ್ನು ಆಡಳಿತ ಜನರ ವಿಷಯದಲ್ಲೂ ತೋರಬೇಕು ಎಂದು ಕೇಳುವ ಹಕ್ಕು ವಿದ್ಯುತ್ತು ಬಳಸುವ, ಅದಕ್ಕಾಗಿ ನೆಲ ಬಿಟ್ಟುಕೊಡುವ ಪ್ರತಿಯೊಬ್ಬರಿಗೂ ಇದೆ.